ರಾತ್ರಿ ಹಾಕಿದ ಕ್ವಾರ್ಟರ್ ಬೆಳಗ್ಗೆ ಎಲ್ಲಿರುತ್ತದೆ?

“ರಾತ್ರಿ ಕುಡಿದದ್ದು ಸಾರ್, ಬೆಳಗ್ಗೆ ಒಂದು ಹನಿಯೂ ಮುಟ್ಟಿಲ್ಲ.”

ಬೆಂಗಳೂರಿನ ಸಂಚಾರ ಪೊಲೀಸರು ಆಗಾಗ ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ಚಾಲಕರ ಕೈಲಿ ಮೀಟರ್ ಊದಿಸುತ್ತಾರೆ. ಕೆಲವರು ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಬೆಳಗ್ಗೆ ಬೆಳಗ್ಗೆಯೇ ಕುಡಿದು ಮಕ್ಕಳನ್ನು ಕೂರಿಸಿಕೊಂಡು ಹೊರಟಿದ್ದಾನಾ ಅಂತ ಓದಿದವರು ಬೈಯುತ್ತಾರೆ. ಆದರೆ ಮೇಲಿನ ಮಾತು ಹೇಳುವ ಚಾಲಕ ಸುಳ್ಳು ಹೇಳುತ್ತಿದ್ದಾನೆ ಅಂತೇನಿಲ್ಲ. ಅವನು ರಾತ್ರಿಯೇ ಕುಡಿದು ಮಲಗಿರಬಹುದು. ಎದ್ದು ಸ್ನಾನ ಮಾಡಿ, ಕಾಫಿ ಕುಡಿದು, ಹಣೆಗೆ ವಿಭೂತಿ ಇಟ್ಟುಕೊಂಡೇ ಬಂದಿರಬಹುದು. ಅವನ ಲೆಕ್ಕದಲ್ಲಿ ಕುಡಿತ ನಿನ್ನೆಯದು. ರಕ್ತದ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

ಈ ಎರಡು ಲೆಕ್ಕ ಯಾಕೆ ತಾಳೆಯಾಗುವುದಿಲ್ಲ ಅಂತ ಗೊತ್ತಾದರೆ, ಮದ್ಯ ನಮ್ಮ ದೇಹದಲ್ಲಿ ಮಾಡುವ ಅರ್ಧಕ್ಕರ್ಧ ಕೆಲಸ ಅರ್ಥವಾದ ಹಾಗೆ. ಒಂದು ಕ್ವಾರ್ಟರ್ ಬಾಟಲಿಯ ಬೆನ್ನು ಹತ್ತಿ ಹೋಗೋಣ.

ಬಾಟಲಿಯೊಳಗೆ ಇರುವುದು ಎಷ್ಟು?

ವಿಸ್ಕಿ, ಬ್ರಾಂದಿ, ರಮ್, ಬಿಯರ್, ವೈನ್, ಸೇಂದಿ. ಬಣ್ಣ ಬೇರೆ, ರುಚಿ ಬೇರೆ, ಬೆಲೆಯಂತೂ ಬೇರೆಯೇ. ಅಮಲೇರಿಸುವ ವಸ್ತು ಮಾತ್ರ ಒಂದೇ: ಎಥನಾಲ್. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಇದನ್ನು ಹೊರಹಾಕುತ್ತದೆ. ಈಚಲ ಮರದಿಂದ ಇಳಿಸಿದ ಸಿಹಿ ನೀರಾ ಬಿಸಿಲೇರುತ್ತಿದ್ದಂತೆ ಹುಳಿಯಾಗಿ ಹೆಂಡವಾಗುವುದು ಹೀಗೆಯೇ. ಹುದುಗಿದ್ದನ್ನು ಕಾಯಿಸಿ ಆವಿ ಹಿಡಿದರೆ ಇನ್ನೂ ಗಡಸು ಮದ್ಯ ಸಿಗುತ್ತದೆ.

ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನ ಲೇಬಲ್ ಮೇಲೆ ಸಾಮಾನ್ಯವಾಗಿ 42.8 ಅಂತ ಇರುತ್ತದೆ. ಅಂದರೆ 100 ಮಿಲಿಯಲ್ಲಿ 42.8 ಮಿಲಿ ಶುದ್ಧ ಎಥನಾಲ್. 30 ಮಿಲಿಯ ಒಂದು ಸಣ್ಣ ಪೆಗ್ಗಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 10 ಗ್ರಾಂ ಬರುತ್ತದೆ. ನಮ್ಮ ವೈದ್ಯರು ಈ 10 ಗ್ರಾಮನ್ನೇ ಒಂದು ಯೂನಿಟ್ ಅಂತ ಹಿಡಿಯುತ್ತಾರೆ. ನೈಂಟಿ ಅಂದರೆ ಮೂರು ಯೂನಿಟ್. 180 ಮಿಲಿಯ ಕ್ವಾರ್ಟರ್ ಅಂದರೆ ಆರು.

“ನಾನು ಬರೀ ಬಿಯರ್ ಅಷ್ಟೇ” ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. 650 ಮಿಲಿಯ ಸ್ಟ್ರಾಂಗ್ ಬಿಯರಿನಲ್ಲಿ ಶೇ. 8ರಷ್ಟು ಎಥನಾಲ್ ಇದ್ದರೆ ಒಂದು ಬಾಟಲಿಗೆ 41 ಗ್ರಾಂ ಆಯಿತು. ನಾಲ್ಕು ಪೆಗ್ ವಿಸ್ಕಿಗೆ ಸಮ. ನೊರೆ ಜಾಸ್ತಿ ಇದೆ ಅಂತ ಲಿವರ್ ರಿಯಾಯಿತಿ ಕೊಡುವುದಿಲ್ಲ.

ಹೊಟ್ಟೆಯಿಂದ ರಕ್ತಕ್ಕೆ

ಅನ್ನ, ಮುದ್ದೆ ಜೀರ್ಣವಾಗಿ ರಕ್ತ ಸೇರಲು ಗಂಟೆಗಟ್ಟಲೆ ಬೇಕು. ಎಥನಾಲ್‌ಗೆ ಜೀರ್ಣವಾಗುವ ಗೊಡವೆಯೇ ಇಲ್ಲ. ಅದರ ಕಣ ತೀರಾ ಚಿಕ್ಕದು, ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಹೊಟ್ಟೆಯ ಗೋಡೆ ದಾಟಿ ಸುಮಾರು ಐದನೇ ಒಂದು ಭಾಗ ಅಲ್ಲಿಂದಲೇ ರಕ್ತಕ್ಕೆ ಹೋಗುತ್ತದೆ. ಉಳಿದದ್ದು ಸಣ್ಣಕರುಳಿನಿಂದ.

ಹೊಟ್ಟೆಗೂ ಸಣ್ಣಕರುಳಿಗೂ ನಡುವೆ ಒಂದು ಬಾಗಿಲಿದೆ. ಹೊಟ್ಟೆಯಲ್ಲಿ ಊಟ ಇದ್ದರೆ ಅದು ಸ್ವಲ್ಪ ಸ್ವಲ್ಪವೇ ತೆರೆದು ಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮದ್ಯ ಹೆಚ್ಚು ತಡೆಯಿಲ್ಲದೆ ಕರುಳಿಗೆ ಇಳಿಯುತ್ತದೆ. ಬಾರಿನಲ್ಲಿ ಕಡಲೆಬೀಜ, ಚಿಕನ್ ಕಬಾಬ್ ಅಂತ ಸೈಡ್ಸ್ ತಿನ್ನುವುದರಲ್ಲಿ ಇಷ್ಟರಮಟ್ಟಿಗೆ ಅರ್ಥ ಇದೆ. ಅಮಲು ನಿಧಾನಕ್ಕೆ ಏರುತ್ತದೆ, ಏರುವ ಎತ್ತರವೂ ಕಡಿಮೆ. ಆದರೆ ಕಬಾಬ್ ಮದ್ಯವನ್ನು ಹೀರಿಕೊಂಡು ಮಾಯ ಮಾಡುವುದಿಲ್ಲ.

ರಕ್ತ ಸೇರಿದ ಎಥನಾಲ್ ದೇಹದಲ್ಲಿ ನೀರಿರುವ ಕಡೆಗೆಲ್ಲ ಹರಡುತ್ತದೆ. ಒಂದೇ ಚಮಚ ಸಕ್ಕರೆಯನ್ನು ಚೊಂಬಿನ ಬದಲು ಲೋಟಕ್ಕೆ ಹಾಕಿದರೆ ಸಿಹಿ ಜಾಸ್ತಿ ಅಲ್ವಾ? ಹಾಗೆಯೇ ದೇಹದಲ್ಲಿ ನೀರು ಕಡಿಮೆ ಇದ್ದವರ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು. ಸಣಕಲು ಮೈಯವರಿಗೆ ಬೇಗ ಏರುವುದು ಇದಕ್ಕೇ. ಹೆಂಗಸರ ದೇಹದಲ್ಲಿ ನೀರಿನ ಪಾಲು ಗಂಡಸರಿಗಿಂತ ಕಡಿಮೆ, ಹೊಟ್ಟೆಯಲ್ಲಿ ಮದ್ಯ ಒಡೆಯುವ ಕಿಣ್ವವೂ (ಎನ್‌ಜೈಮ್) ಕಡಿಮೆ. ಹಾಗಾಗಿ ಅದೇ ತೂಕದ ಗಂಡಸು ಹೆಂಗಸು ಅಷ್ಟಷ್ಟೇ ಕುಡಿದರೂ ಹೆಂಗಸಿನ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಗರ್ಭಿಣಿ ಕುಡಿದರೆ ಅದು ಮಾಸು ದಾಟಿ ಮಗುವಿನ ರಕ್ತಕ್ಕೂ ಹೋಗುತ್ತದೆ. ಆ ಮಗುವಿನ ಲಿವರ್ ಇನ್ನೂ ಕೆಲಸ ಕಲಿತಿರುವುದಿಲ್ಲ.

ಲಿವರ್‌ನ ಒಂದೇ ಕೌಂಟರ್

ಈಗ ಆ ಚಾಲಕನ ಲೆಕ್ಕಕ್ಕೆ ಬರೋಣ.

ಕುಡಿದದ್ದರಲ್ಲಿ ಶೇ. 90ಕ್ಕಿಂತ ಹೆಚ್ಚನ್ನು ಒಡೆಯುವುದು ಲಿವರ್. ಉಸಿರು, ಬೆವರು, ಮೂತ್ರದಲ್ಲಿ ಹೋಗುವುದು ಚೂರುಪಾರು. ಲಿವರ್‌ನ ಕೆಲಸ ಎರಡು ಹಂತದ್ದು. ಮೊದಲ ಹಂತದಲ್ಲಿ ಒಂದು ಕಿಣ್ವ ಎಥನಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಇದು ಎಥನಾಲ್‌ಗಿಂತ ಕೆಟ್ಟ ವಿಷ. ಎರಡನೇ ಹಂತದಲ್ಲಿ ಇನ್ನೊಂದು ಕಿಣ್ವ ಅದನ್ನು ಅಸಿಟೇಟ್ ಮಾಡುತ್ತದೆ. ಅಸಿಟೇಟ್ ನಿರುಪದ್ರವಿ, ವಿನೆಗರ್‌ನ ನೆಂಟ. ಕಿಣ್ವ ಅಂದರೆ ಒಂದೇ ಕೆಲಸ ಗೊತ್ತಿರುವ ಆಳು ಅಂದುಕೊಳ್ಳಿ.

ಮೊದಲ ಹಂತದ ಆಳುಗಳು ಕೆಲವೇ ಕೆಲವರು. ಒಂದು ಪೆಗ್ ಒಳಗೆ ಹೋದರೆ ಸಾಕು, ಎಲ್ಲರ ಕೈ ತುಂಬುತ್ತದೆ. ಆಮೇಲೆ ಎಷ್ಟು ಬಂದರೂ ಅವರ ವೇಗ ಅಷ್ಟೇ. ಜಾತ್ರೆ ದಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಟಿಕೆಟ್ ಕೌಂಟರ್ ತೆರೆದಿದ್ದರೆ ಏನಾಗುತ್ತದೆ? ಹತ್ತು ಜನ ನಿಂತಿರಲಿ, ಇನ್ನೂರು ಜನ ನಿಂತಿರಲಿ, ನಿಮಿಷಕ್ಕೆ ಕೊಡುವ ಟಿಕೆಟ್ ಅಷ್ಟೇ. ಕ್ಯೂ ಮಾತ್ರ ಉದ್ದವಾಗುತ್ತದೆ. ಆ ಕ್ಯೂ ನಿಲ್ಲುವ ಜಾಗ ನಮ್ಮ ರಕ್ತ.

ರಕ್ತದಲ್ಲಿನ ಮದ್ಯವನ್ನು 100 ಮಿಲಿ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅಂತ ಅಳೆಯುತ್ತಾರೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಮಿತಿ 30 ಮಿಲಿಗ್ರಾಂ. ಮೀರಿದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲಿವರ್ ಗಂಟೆಗೆ ಇಳಿಸುವುದು ಸುಮಾರು 15 ಮಿಲಿಗ್ರಾಂ. ಕೆಲವರಲ್ಲಿ 10, ಕೆಲವರಲ್ಲಿ 20.

60 ಕೆಜಿ ತೂಕದ ಗಂಡಸು ರಾತ್ರಿ 10.30ಕ್ಕೆ ಶುರು ಮಾಡಿ 12ರೊಳಗೆ ಒಂದು ಕ್ವಾರ್ಟರ್ ಮುಗಿಸಿದ ಅಂತಿಟ್ಟುಕೊಳ್ಳಿ. ಒಳಗೆ ಹೋದದ್ದು 60 ಗ್ರಾಂ. ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್ಮಾರ್ಕ್ ಕಳೆದ ಶತಮಾನದ ಮೊದಲರ್ಧದಲ್ಲಿ ಹಾಕಿಕೊಟ್ಟ ಸೂತ್ರದಂತೆ ಲೆಕ್ಕ ಹಾಕಿದರೆ ಇವನ ರಕ್ತಕ್ಕೆ ಒಟ್ಟು ಸುಮಾರು 150 ಮಿಲಿಗ್ರಾಂ ಸೇರುತ್ತದೆ. ಶುರುವಾದ ಗಳಿಗೆಯಿಂದಲೇ ಲಿವರ್ ಗಂಟೆಗೆ 15ರಂತೆ ಇಳಿಸುತ್ತ ಬಂದಿದೆ. ಬೆಳಗ್ಗೆ 6ಕ್ಕೆ ಅವನು ಸ್ಟೇರಿಂಗ್ ಹಿಡಿಯುವಾಗ ಏಳೂವರೆ ಗಂಟೆ ಕಳೆದಿದೆ, 112 ಇಳಿದಿದೆ. ಇನ್ನೂ 38 ಉಳಿದಿದೆ. ಮೀಟರ್ ಕೂಗುತ್ತದೆ.

ಪೂರ್ತಿ ಸೊನ್ನೆಯಾಗುವುದು ಬೆಳಗ್ಗೆ ಎಂಟೂವರೆಗೆ. ಕ್ವಾರ್ಟರ್ ಜೊತೆ ಒಂದು ಬಿಯರೂ ಆಗಿದ್ದರೆ ಮಧ್ಯಾಹ್ನವೇ ದಾಟುತ್ತದೆ. ಇದು ಅಂದಾಜಿನ ಲೆಕ್ಕ ಅಂತ ನೆನಪಿರಲಿ. ಒಬ್ಬರ ದೇಹ ಇನ್ನೊಬ್ಬರ ಹಾಗಿಲ್ಲ. ಇದನ್ನು ನೋಡಿಕೊಂಡು ಗಾಡಿ ತೆಗೆಯಬೇಡಿ.

ಕಾಫಿ, ತಣ್ಣೀರು ಸ್ನಾನ, ನಿಂಬೆಹಣ್ಣಿನ ಪಾನಕ, ಮಜ್ಜಿಗೆ ಇವು ಯಾವುವೂ ಕೌಂಟರಿನ ಆಳಿನ ಕೈ ಚುರುಕು ಮಾಡುವುದಿಲ್ಲ. ಕಾಫಿ ನಿದ್ದೆ ಓಡಿಸುತ್ತದೆ, ಅಷ್ಟೇ. ನಿದ್ದೆಗಣ್ಣಿನ ಕುಡುಕನ ಬದಲು ಎಚ್ಚರವಿರುವ ಕುಡುಕ ಸಿಗುತ್ತಾನೆ. ಏಲಕ್ಕಿ, ಪಾನ್ ಮಸಾಲ ಜಗಿದರೆ ಬಾಯಿಯ ವಾಸನೆ ಮುಚ್ಚಬಹುದು. ಆದರೆ ಮೀಟರ್ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು. ರಕ್ತದಲ್ಲಿರುವ ಮದ್ಯ ಅಲ್ಲಿ ಆವಿಯಾಗಿ ಉಸಿರಿಗೆ ಸೇರುತ್ತಿರುತ್ತದೆ.

ಮೆದುಳಿನ ಬ್ರೇಕು, ಆಕ್ಸಿಲರೇಟರು

ಮೆದುಳಿಗೆ ಹೋಗುವ ರಕ್ತನಾಳಗಳಿಗೆ ಬಿಗಿಯಾದ ಕಾವಲಿದೆ. ಎಷ್ಟೋ ಔಷಧಿಗಳನ್ನೂ ಅದು ಒಳಗೆ ಬಿಡುವುದಿಲ್ಲ. ಎಥನಾಲ್ ನೀರಿನಲ್ಲೂ ಕರಗುತ್ತದೆ, ಕೊಬ್ಬಿನಲ್ಲೂ ಸ್ವಲ್ಪ ಕರಗುತ್ತದೆ. ಹಾಗಾಗಿ ಕಾವಲು ದಾಟಿ ನಿಮಿಷಗಳಲ್ಲೇ ಒಳಗೆ.

ಮೆದುಳಿನ ನರಕೋಶಗಳು ಒಂದಕ್ಕೊಂದು ರಾಸಾಯನಿಕಗಳ ಮೂಲಕ ಮಾತಾಡುತ್ತವೆ. ಗ್ಲುಟಮೇಟ್ ಅನ್ನುವುದು ಆಕ್ಸಿಲರೇಟರ್, “ಹೂಂ, ನಡಿ” ಅನ್ನುತ್ತದೆ. ಗಾಬಾ ಅನ್ನುವುದು ಬ್ರೇಕ್, “ಸಾಕು, ತಾಳು” ಅನ್ನುತ್ತದೆ. ಮದ್ಯ ಬ್ರೇಕನ್ನು ಒತ್ತಿ ಹಿಡಿದು, ಆಕ್ಸಿಲರೇಟರನ್ನು ಸಡಿಲಿಸುತ್ತದೆ. ಅಂದರೆ ಅದು ಮೆದುಳನ್ನು ಮಂಕು ಮಾಡುವ ವಸ್ತು, ಹುರುಪು ತುಂಬುವುದಲ್ಲ.

ಹಾಗಿದ್ದರೆ ಎರಡು ಪೆಗ್ ಹಾಕಿದವನು ಮಂಕಾಗುವ ಬದಲು ಜೋರು ಜೋರಾಗಿ ಮಾತಾಡುತ್ತಾನಲ್ಲ? ಮೊದಲು ಮಂಕಾಗುವುದು ನಮ್ಮನ್ನು ಹದ್ದುಬಸ್ತಿನಲ್ಲಿ ಇಡುವ ಭಾಗ, ಅದಕ್ಕೆ. ಹಣೆಯ ಹಿಂದಿರುವ ಮುಂಭಾಗದ ಮೆದುಳು ಮನೆಯ ಹಿರಿಯರ ಹಾಗೆ. “ಇದನ್ನು ಹೇಳಬೇಡ”, “ಬಾಸ್‌ಗೆ ಈಗ ಫೋನ್ ಮಾಡಬೇಡ” ಅಂತ ದಿನವಿಡೀ ತಡೆಯುತ್ತಿರುತ್ತದೆ. ಹಿರಿಯರು ತೂಕಡಿಸಿದರೆ ಮನೆ ಹುಡುಗರ ಗಲಾಟೆ ಶುರು. ಜೊತೆಗೆ ಮೆದುಳಿನಲ್ಲಿ ಡೋಪಮೈನ್, ಎಂಡಾರ್ಫಿನ್ ಎಂಬ ಖುಷಿಯ ರಾಸಾಯನಿಕಗಳೂ ಸುರಿಯುತ್ತವೆ. “ಇದು ಚೆನ್ನಾಗಿತ್ತು, ಮತ್ತೆ ಬೇಕು” ಅಂತ ಮೆದುಳು ಬರೆದಿಟ್ಟುಕೊಳ್ಳುತ್ತದೆ. ಚಟದ ಮೊದಲ ಅಕ್ಷರ ಬೀಳುವುದು ಇಲ್ಲಿ.

ರಕ್ತದಲ್ಲಿ 100 ಮಿಲಿಗ್ರಾಂ ಹತ್ತಿರ ಬಂದಾಗ ತಲೆಯ ಹಿಂಭಾಗದ ಕಿರುಮೆದುಳು ಸೋಲುತ್ತದೆ. ನಡಿಗೆ, ನಾಲಿಗೆ, ಬೆರಳುಗಳ ಹದ ನೋಡಿಕೊಳ್ಳುವುದು ಅದೇ. ಅದು ಸೋತರೆ ತೂರಾಟ, ತೊದಲು, ಬೀಗದ ತೂತಿಗೆ ಕೀ ಹಾಕಲು ಐದು ನಿಮಿಷ.

150 ದಾಟಿ, ಅದೂ ಬೇಗ ಬೇಗ ಏರಿದಾಗ, ನೆನಪು ಬರೆದಿಡುವ ಭಾಗ ಕೈಕೊಡಬಹುದು. ಮರುದಿನ “ನಿನ್ನೆ ನಾನು ಏನೇನ್ ಮಾಡಿದೆನೋ?” ಅಂತ ಕೇಳುವವನನ್ನು ನೋಡಿ ಗೆಳೆಯರು ನಾಟಕ ಅಂದುಕೊಳ್ಳುತ್ತಾರೆ. ನಾಟಕವಲ್ಲ. ಸಿಸಿಟಿವಿಯಲ್ಲಿ ಚಿತ್ರ ಓಡುತ್ತಿದೆ, ರೆಕಾರ್ಡಿಂಗ್ ಮಾತ್ರ ಆಗುತ್ತಿಲ್ಲ, ಹಾಗೆ. ಅವನು ಆಗ ಮಾತಾಡಿದ್ದಾನೆ, ಬಿಲ್ ಕೊಟ್ಟಿದ್ದಾನೆ, ಗಾಡಿಯನ್ನೂ ಓಡಿಸಿರಬಹುದು. ಮರೆತಿದ್ದಲ್ಲ, ದಾಖಲಾಗಿಯೇ ಇಲ್ಲ. ಎಷ್ಟು ನೆನಪಿಸಿದರೂ ಬರುವುದಿಲ್ಲ.

300, 400ಕ್ಕೆ ಹೋದರೆ ಉಸಿರಾಟ ನಡೆಸುವ ಮೆದುಳಿನ ಬುಡವೇ ಮಂಕಾಗುತ್ತದೆ. ಪ್ರಜ್ಞೆ ತಪ್ಪಿದವನನ್ನು “ಮಲಗಿಕೊಳ್ಳಲಿ ಬಿಡು” ಅಂತ ಅಂಗಾತ ಬಿಟ್ಟು ಹೋಗುವುದು ಅಪಾಯ. ಕುಡಿದದ್ದು ಹೊಟ್ಟೆಯಿಂದ ಇನ್ನೂ ರಕ್ತಕ್ಕೆ ಇಳಿಯುತ್ತಿರುತ್ತದೆ, ಅಮಲು ಏರುತ್ತಲೇ ಇರುತ್ತದೆ. ವಾಂತಿಯಾದರೆ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಇರಿ, ಬಾಯಿಗೆ ಏನನ್ನೂ ಹಾಕಬೇಡಿ. ಕೂಗಿದರೂ ಚಿವುಟಿದರೂ ಏಳದಿದ್ದರೆ, ಉಸಿರು ತಡೆತಡೆದು ಬರುತ್ತಿದ್ದರೆ 108ಕ್ಕೆ ಕರೆ ಮಾಡಿ.

ಹಾಸಿಗೆ ಯಾಕೆ ತಿರುಗುತ್ತದೆ?

ಇದು ನನಗೆ ಬಹಳ ಇಷ್ಟವಾದ ವಿಷಯ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಒಳಕಿವಿಯಲ್ಲಿ ಬಳೆಚೂರಿನಂಥ ಮೂರು ಪುಟ್ಟ ಕೊಳವೆಗಳಿವೆ. ಅವುಗಳೊಳಗೆ ದ್ರವ, ದ್ರವದ ನಡುವೆ ಲೋಳೆಯಂಥ ಒಂದು ಸಣ್ಣ ಪರದೆ. ತಲೆ ತಿರುಗಿಸಿದಾಗ ದ್ರವ ಸ್ವಲ್ಪ ಹಿಂದೆ ಬಿದ್ದು ಪರದೆಯನ್ನು ತಳ್ಳುತ್ತದೆ. ಪರದೆ ಬಾಗಿತು ಅಂದರೆ ತಲೆ ತಿರುಗಿತು ಅಂತ ಮೆದುಳು ತಿಳಿಯುತ್ತದೆ. ಸಾಮಾನ್ಯವಾಗಿ ಪರದೆಯ ಸಾಂದ್ರತೆ, ದ್ರವದ ಸಾಂದ್ರತೆ ಒಂದೇ. ಹಾಗಾಗಿ ಸುಮ್ನೆ ಮಲಗಿದಾಗ ಪರದೆ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ.

ಮದ್ಯ ನೀರಿಗಿಂತ ಹಗುರ. ಪರದೆ ರಕ್ತನಾಳಗಳಿಗೆ ಹತ್ತಿರ ಇರುವುದರಿಂದ ಮದ್ಯ ಮೊದಲು ಅದಕ್ಕೇ ನುಗ್ಗುತ್ತದೆ. ಪರದೆ ಹಗುರಾಗಿ ತೇಲಲು ನೋಡುತ್ತದೆ. ನೀವು ಅಲುಗಾಡದೆ ಮಲಗಿದ್ದರೂ ಅದು ಬಾಗಿಬಿಡುತ್ತದೆ. ಮೆದುಳಿಗೆ ತಿರುಗುತ್ತಿದ್ದೇನೆ ಅಂತ ಸುದ್ದಿ ಹೋಗುತ್ತದೆ. ಕಣ್ಣು ಮಾತ್ರ ಇಲ್ಲ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳೆಸುತ್ತದೆ. ಒಂದು ಕಾಲನ್ನು ನೆಲಕ್ಕೆ ಊರಿದರೆ ಕೆಲವರಿಗೆ ಸಮಾಧಾನವಾಗುವುದು, “ಇಲ್ಲಪ್ಪ, ನೆಲ ಗಟ್ಟಿಯಾಗಿದೆ” ಅಂತ ಇನ್ನೊಂದು ಸಾಕ್ಷಿ ಸಿಗುವುದರಿಂದ.

ಕೆಲವು ಗಂಟೆ ಕಳೆದ ಮೇಲೆ ದ್ರವಕ್ಕೂ ಮದ್ಯ ಸೇರಿ ಎರಡೂ ಸಮವಾಗುತ್ತವೆ, ತಿರುಗುವುದು ನಿಲ್ಲುತ್ತದೆ. ಬೆಳಗಿನ ಜಾವ ರಕ್ತದಲ್ಲಿ ಮದ್ಯ ಇಳಿಯುವಾಗ ಪರದೆ ಮೊದಲು ಖಾಲಿಯಾಗುತ್ತದೆ. ಈಗ ಅದೇ ದ್ರವಕ್ಕಿಂತ ಭಾರ. ಈ ಸಲ ಜಗತ್ತು ಇನ್ನೊಂದು ದಿಕ್ಕಿಗೆ ತಿರುಗುತ್ತದೆ.

ನಿದ್ದೆ, ಚಳಿ, ತಲೆನೋವು

ಮದ್ಯ ನಿದ್ದೆ ಬರಿಸುತ್ತದೆ ಅನ್ನುವುದು ನಿಜ. ಆದರೆ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಅದು ಅದುಮಿ ಹಿಡಿಯುತ್ತದೆ. ಅಮಲು ಇಳಿಯುತ್ತಿದ್ದಂತೆ ಮೆದುಳು ಸ್ಪ್ರಿಂಗಿನಂತೆ ಎಗರುತ್ತದೆ. ಮೂರು ಗಂಟೆಗೆ ಎಚ್ಚರ, ಕೆಟ್ಟ ಕನಸು, ಎದೆ ಡವಡವ. ಎಂಟು ಗಂಟೆ ಮಲಗಿದ್ದರೂ ನಿದ್ದೆಯಾಗಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ “ಚಳಿಗೆ ಒಂದು ಪೆಗ್” ಅನ್ನುವ ಮಾತಿದೆ. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚನೆಯ ರಕ್ತ ಮೇಲಕ್ಕೆ ಬರುವುದರಿಂದ ಮೈ ಬಿಸಿಯಾದಂತೆ ಅನಿಸುತ್ತದೆ. ಅಸಲಿಗೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಚಳಿಯಲ್ಲಿ ಕಿಟಕಿ ತೆಗೆದಿಟ್ಟು ಒಲೆ ಉರಿಸಿದ ಹಾಗೆ.

ಪದೇ ಪದೇ ಮೂತ್ರ ಬರುವುದು, ನೀರನ್ನು ಹಿಡಿದಿಡಲು ಕಿಡ್ನಿಗೆ ಹೇಳುವ ಹಾರ್ಮೋನನ್ನು ಮದ್ಯ ತಡೆಯುವುದರಿಂದ. ದೇಹ ಒಣಗುತ್ತದೆ. ಅದರ ಜೊತೆ ಕೆಟ್ಟ ನಿದ್ದೆ, ಹೊಟ್ಟೆಯ ಉರಿ, ಕಡಿಮೆಯಾದ ಸಕ್ಕರೆ, ಮೈಯೊಳಗಿನ ಉರಿಯೂತ ಎಲ್ಲ ಸೇರಿದರೆ ಹ್ಯಾಂಗೋವರ್. ಒಂದು ವಿಚಿತ್ರ ನೋಡಿ: ಹ್ಯಾಂಗೋವರ್ ಜೋರಾಗುವುದು ರಕ್ತದಲ್ಲಿನ ಮದ್ಯ ಸೊನ್ನೆಯ ಹತ್ತಿರ ಬಂದಾಗ. ನಮ್ಮ ಚಾಲಕ ಆರು ಗಂಟೆಗೆ “ತಲೆನೋವೇ ಇಲ್ಲ, ಫ್ರೆಶ್ ಆಗಿದ್ದೀನಿ” ಅಂದುಕೊಂಡರೆ ಅದಕ್ಕೆ ಕಾರಣ, ಅವನಿಗೆ ಅಮಲು ಇನ್ನೂ ಇಳಿದಿಲ್ಲದಿರುವುದೇ ಆಗಿರಬಹುದು.

ಕಳ್ಳಭಟ್ಟಿ ಕಣ್ಣು ಕಳೆಯುವುದು ಹೇಗೆ?

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿ ಭಾಗದಲ್ಲಿ ಮತ್ತೆ 150ಕ್ಕೂ ಹೆಚ್ಚು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಇಂಥ ಕಡೆ ಕೊಲ್ಲುವುದು ಎಥನಾಲ್ ಅಲ್ಲ, ಅದರ ದಾಯಾದಿ ಮೆಥನಾಲ್. ಕಾರ್ಖಾನೆಗಳಲ್ಲಿ ಬಳಸುವ, ಬಣ್ಣದಲ್ಲಿ ವಾಸನೆಯಲ್ಲಿ ಎಥನಾಲ್‌ನಂತೆಯೇ ಇರುವ ದ್ರವ.

ಮೆಥನಾಲ್ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಲಿವರ್‌ನ ಅದೇ ಕೌಂಟರಿನ ಆಳುಗಳು ಅದನ್ನು ಒಡೆದಾಗ ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಹುಟ್ಟುತ್ತದೆ. ಕಟ್ಟಿರುವೆಯ ಕಡಿತದಲ್ಲಿ ಉರಿಯುವ ಆಮ್ಲ ಇದೇ. ಕಣ್ಣಿನ ನರ ಇದಕ್ಕೆ ಬೇಗ ಬಲಿಯಾಗುತ್ತದೆ. ಕುಡಿದವರು ಕಣ್ಣು ಮಂಜಾಗಿದೆ ಅಂತ ಆಸ್ಪತ್ರೆಗೆ ಬರುವ ಹೊತ್ತಿಗೆ ಅರ್ಧ ದಿನ, ಒಂದು ದಿನ ಕಳೆದಿರುತ್ತದೆ. ಒಡೆಯುವ ಕೆಲಸ ನಿಧಾನ, ಅದಕ್ಕೇ.

ಚಿಕಿತ್ಸೆಯಲ್ಲೂ ಕೌಂಟರಿನದೇ ಉಪಾಯ. ಫೊಮೆಪಿಜೋಲ್ ಎಂಬ ಔಷಧಿ ಕೌಂಟರನ್ನೇ ಮುಚ್ಚುತ್ತದೆ. ಅದು ಸಿಗದಿದ್ದರೆ ವೈದ್ಯರು ಅಳತೆ ಮಾಡಿ ಶುದ್ಧ ಎಥನಾಲ್ ಕೊಡುತ್ತಾರೆ. ಆಳುಗಳಿಗೆ ಎಥನಾಲ್ ಕಂಡರೆ ಇಷ್ಟ ಜಾಸ್ತಿ, ಅದನ್ನೇ ಮೊದಲು ಹಿಡಿಯುತ್ತಾರೆ. ಮೆಥನಾಲ್ ಒಡೆಯದೆ ಕ್ಯೂನಲ್ಲೇ ನಿಲ್ಲುತ್ತದೆ, ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ಅದನ್ನು ತೆಗೆಯುತ್ತಾರೆ. ಇದು ಆಸ್ಪತ್ರೆಯಲ್ಲಿ ಮಾಡುವ ಕೆಲಸ, ಮನೆಯಲ್ಲಿ ಪ್ರಯತ್ನಿಸುವುದಲ್ಲ.

ವರ್ಷಗಟ್ಟಲೆ ಕುಡಿದಾಗ

ಕೌಂಟರ್ ದಿನಾ ಮದ್ಯದಲ್ಲೇ ಮುಳುಗಿದ್ದರೆ ಲಿವರ್‌ನ ಉಳಿದ ಕೆಲಸಗಳು ಬಾಕಿ ಬೀಳುತ್ತವೆ. ಕೊಬ್ಬನ್ನು ಕರಗಿಸುವ ಬದಲು ಅಲ್ಲೇ ಪೇರಿಸಿಡುತ್ತದೆ. ಇದು ಫ್ಯಾಟಿ ಲಿವರ್. ಕುಡಿತ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಸರಿಹೋಗಬಹುದು. ಮುಂದುವರಿದರೆ ಊತ, ಆಮೇಲೆ ಗಾಯದ ಗುರುತಿನಂಥ ಗಟ್ಟಿ ನಾರು. ಮೆತ್ತಗಿನ ಲಿವರ್ ಗಂಟುಗಂಟಾಗಿ ಗಟ್ಟಿಯಾಗುವುದೇ ಸಿರೋಸಿಸ್. ಅದರ ಮೂಲಕ ರಕ್ತ ಸಲೀಸಾಗಿ ಹರಿಯುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದು ರಕ್ತವಾಂತಿಯಾಗುತ್ತದೆ, ಕಣ್ಣು ಅರಿಶಿನವಾಗುತ್ತದೆ.

ಇದೆಲ್ಲ ತಡವಾಗಿ ಗೊತ್ತಾಗುವುದು ಲಿವರ್‌ನ ಸ್ವಭಾವದಿಂದ. ಅದರ ಒಳಗೆ ನೋವು ತಿಳಿಸುವ ನರಗಳಿಲ್ಲ. ಅರ್ಧಕ್ಕಿಂತ ಹೆಚ್ಚು ಕೆಟ್ಟರೂ ಉಳಿದದ್ದು ಮನೆ ನಡೆಸುತ್ತಿರುತ್ತದೆ.

ಅಸಿಟಾಲ್ಡಿಹೈಡ್ ಜೀವಕೋಶಗಳ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅಲ್ಲೇ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡಕರುಳು, ಹೆಂಗಸರಲ್ಲಿ ಸ್ತನ, ಇಲ್ಲೆಲ್ಲ ಅದು ಕ್ಯಾನ್ಸರ್ ತರಬಲ್ಲದು. ಕುಡಿತದ ಜೊತೆ ಗುಟ್ಕಾ, ಬೀಡಿ ಇದ್ದರೆ ಬಾಯಿ, ಗಂಟಲಿನ ಅಪಾಯ ಕೂಡುವುದಲ್ಲ, ಗುಣಿಸುತ್ತದೆ.

ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೇದು ಅಂತಾರಲ್ಲ? ಹಳೆಯ ಅಧ್ಯಯನಗಳು ಹಾಗೆ ತೋರಿಸಿದ್ದು ಹೌದು. ಅವುಗಳಲ್ಲಿ ಎಷ್ಟೋ ಕಡೆ, ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ “ಕುಡಿಯದವರು” ಅಂತಲೇ ಎಣಿಸಿದ್ದರು. ಹೀಗೆ ಕುಡಿಯದವರ ಗುಂಪೇ ರೋಗಿಷ್ಠರಂತೆ ಕಂಡಿತು. ಲೆಕ್ಕ ತಿದ್ದಿದಾಗ ಲಾಭ ಬಹುಮಟ್ಟಿಗೆ ಕರಗಿತು. ಇಷ್ಟು ಕುಡಿದರೆ ಅಪಾಯವೇ ಇಲ್ಲ ಅನ್ನುವಂಥ ಮಿತಿ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ರಕ್ತದೊತ್ತಡ ಏರುವುದು, ಹೃದಯದ ಬಡಿತ ತಪ್ಪುವುದು, ಪ್ಯಾಂಕ್ರಿಯಾಸ್ ಊದಿಕೊಂಡು ಹೊಟ್ಟೆ ಹಿಂಡುವಂಥ ನೋವು ಬರುವುದು ಬೇರೆ.

ಮೆದುಳಿನ ಒಂದು ಕಾಯಿಲೆ ಬರುವುದು ಊಟ ಬಿಡುವುದರಿಂದ. ದಿನಾ ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಲ್ಲಿರುವ ಬಿ1 ಜೀವಸತ್ವವನ್ನು ಕರುಳು ಹೀರಿಕೊಳ್ಳುವುದೂ ಕಡಿಮೆ. ದೇಹದಲ್ಲಿ ಇದರ ದಾಸ್ತಾನು ಕೆಲವು ವಾರಗಳಿಗಷ್ಟೇ. ಮುಗಿದರೆ ಗೊಂದಲ, ಕಣ್ಣುಗುಡ್ಡೆಯ ಅಲುಗಾಟ, ಕುಡಿಯದಿದ್ದರೂ ತೂರಾಟ. ಜರ್ಮನಿಯ ಕಾರ್ಲ್ ವರ್ನಿಕೆ 1881ರಲ್ಲಿ ಇದನ್ನು ವಿವರಿಸಿದರು. ಬೇಗ ಬಿ1 ಇಂಜೆಕ್ಷನ್ ಕೊಟ್ಟರೆ ಸುಧಾರಿಸಬಹುದು. ಇಲ್ಲದಿದ್ದರೆ ಹೊಸ ನೆನಪೇ ಉಳಿಯದ ಸ್ಥಿತಿ. ಬೆಳಗ್ಗೆ ತಿಂಡಿ ಏನು ತಿಂದಿರಿ ಅಂದರೆ ತಡವರಿಸದೆ “ಇಡ್ಲಿ” ಅಂತಾರೆ, ತಿಂದಿದ್ದು ಉಪ್ಪಿಟ್ಟು. ಸುಳ್ಳು ಹೇಳುತ್ತಿಲ್ಲ, ಖಾಲಿ ಜಾಗವನ್ನು ಮೆದುಳೇ ತುಂಬಿಸುತ್ತಿದೆ.

“ನನಗೆ ಎಷ್ಟು ಹಾಕಿದರೂ ಏರಲ್ಲ”

ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಮೆದುಳು ಹೊಂದಿಕೊಂಡಿದೆ ಅಂತ ಅದರ ಅರ್ಥ. ದಿನಾ ಯಾರೋ ಬ್ರೇಕ್ ಒತ್ತುತ್ತಿದ್ದರೆ ಗಾಡಿ ಮುಂದೆ ಹೋಗಲು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಬೇಕಲ್ಲ, ಮೆದುಳು ಮಾಡುವುದು ಅದನ್ನೇ. ಬ್ರೇಕನ್ನು ಮೊಂಡು ಮಾಡಿಕೊಳ್ಳುತ್ತದೆ, ಆಕ್ಸಿಲರೇಟರನ್ನು ಚುರುಕು ಮಾಡಿಕೊಳ್ಳುತ್ತದೆ. ನೈಂಟಿಗೆ ಏರುತ್ತಿದ್ದವನಿಗೆ ಕ್ವಾರ್ಟರ್ ಬೇಕು. ತೂರಾಡದಿದ್ದರೂ ಲಿವರ್‌ಗೆ ಬೀಳುವ ಪೆಟ್ಟು ಕ್ವಾರ್ಟರಿನದೇ.

ಒಂದು ದಿನ ಮದ್ಯ ಸಿಗಲಿಲ್ಲ ಅನ್ನಿ. ಬ್ರೇಕ್ ಒತ್ತುತ್ತಿದ್ದ ಕಾಲು ಹೋಯಿತು, ಆಕ್ಸಿಲರೇಟರ್ ಮಾತ್ರ ಪೂರ್ತಿ ಒತ್ತಿಕೊಂಡೇ ಇದೆ. ಬೆಳಗ್ಗೆ ಟೀ ಲೋಟ ಹಿಡಿದರೆ ಕೈ ನಡುಗುತ್ತದೆ, ಬೆವರು, ಕಳವಳ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್. ಎರಡು ಮೂರು ದಿನ ಕಳೆದ ಮೇಲೆ ಇನ್ನೂ ಕೆಲವರಿಗೆ ಭ್ರಮೆ: ಗೋಡೆ ಮೇಲೆ ಹುಳ ಹರಿದ ಹಾಗೆ, ಯಾರೋ ಕರೆದ ಹಾಗೆ, ಜ್ವರ, ರಂಪ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಜೀವಕ್ಕೇ ಅಪಾಯ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ದಿಢೀರನೆ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಹೀಗೆ ನಡುಗುತ್ತ, ಬಡಬಡಿಸುತ್ತ ಬಂದವರು ಹೆಚ್ಚಾದರು. ಮೇ 4ರಂದು ಅಂಗಡಿ ತೆರೆದಾಗ ಬೆಳಗಿನಿಂದಲೇ ಉದ್ದುದ್ದ ಸಾಲು. ಟಿವಿಯಲ್ಲಿ ನೋಡಿ ನಕ್ಕವರೇ ಹೆಚ್ಚು. ಆ ಸಾಲಿನಲ್ಲಿ ಮಜಾಕ್ಕೆ ನಿಂತವರೂ ಇದ್ದರು, ಕೈ ನಡುಕ ನಿಲ್ಲಲಿ ಅಂತ ನಿಂತವರೂ ಇದ್ದಿರಬೇಕು.

ಪುಡಿ, ಮಾತ್ರೆ, ಆಸ್ಪತ್ರೆ

“ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ” ಅನ್ನುವ ಪುಡಿಗಳ ಜಾಹೀರಾತು ಕಂಬಗಳ ಮೇಲೆ, ಮೊಬೈಲಿನಲ್ಲಿ ಕಾಣುತ್ತವೆ. ಡೈಸಲ್ಫಿರಾಮ್ ಎಂಬ ಮಾತ್ರೆ ಇರುವುದು ನಿಜ. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಜಂತುಹುಳುವಿಗೆ ಮದ್ದಾದೀತೇ ಅಂತ ತಾವೇ ಅದನ್ನು ನುಂಗಿ ನೋಡುತ್ತಿದ್ದಾಗ, ಮದ್ಯದ ಜೊತೆ ಅದು ಸೇರಿದರೆ ಏನಾಗುತ್ತದೆ ಅಂತ ಗೊತ್ತಾಯಿತು. ಅದು ಲಿವರ್‌ನ ಎರಡನೇ ಹಂತವನ್ನು ಮುಚ್ಚಿಬಿಡುತ್ತದೆ. ಅಸಿಟಾಲ್ಡಿಹೈಡ್ ಮುಂದೆ ಹೋಗಲಾಗದೆ ರಕ್ತದಲ್ಲಿ ತುಂಬುತ್ತದೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ಹೇಳಿ, ಒಪ್ಪಿಸಿ, ತಪಾಸಣೆ ಮಾಡಿ ಕೊಡಬೇಕಾದ ಔಷಧಿ ಇದು. ಗೊತ್ತಿಲ್ಲದೆ ಸಾರಿನಲ್ಲಿ ಬೆರೆಸಿ ಕೊಟ್ಟರೆ, ಅವನು ಎಂದಿನಂತೆ ಕ್ವಾರ್ಟರ್ ಹಾಕಿದರೆ, ಪ್ರಾಣಕ್ಕೇ ಬರಬಹುದು. ಇನ್ನು ಹೆಸರಿಲ್ಲದ ಪುಡಿಯೊಳಗೆ ಏನಿದೆ ಅಂತ ಮಾರುವವನಿಗಾದರೂ ಗೊತ್ತಿದೆಯೋ ಇಲ್ಲವೋ.

ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಿಗಳಿವೆ. ಅವು ಮದ್ಯದ ಆಸೆಯನ್ನೇ ತಗ್ಗಿಸುತ್ತವೆ. ದಿನಾ ಜಾಸ್ತಿ ಕುಡಿಯುವವರು ಶಪಥ ಮಾಡಿ ಒಂದೇ ಸಲ ನಿಲ್ಲಿಸುವುದು ಫಿಟ್ಸ್‌ಗೆ ದಾರಿಯಾಗಬಹುದು, ಆದ್ದರಿಂದ ಮೊದಲ ವಾರ ವೈದ್ಯರ ಕಣ್ಣಳತೆಯಲ್ಲಿ ಇರುವುದು ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೆಂದೇ ಕೇಂದ್ರವಿದೆ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ವೈದ್ಯರ ಮುಂದೆ ಕುಳಿತಾಗ ಹೆಚ್ಚಿನವರು “ಅಪರೂಪಕ್ಕೆ ಸ್ವಲ್ಪ ಡಾಕ್ಟ್ರೇ” ಅನ್ನುತ್ತಾರೆ. ಆ ‘ಸ್ವಲ್ಪ’ವನ್ನು ನಂಬಿದರೆ ಮಾತ್ರೆಯ ಪ್ರಮಾಣವೂ ತಪ್ಪುತ್ತದೆ, ಮೂರನೇ ದಿನ ಏನಾಗಬಹುದು ಅನ್ನುವ ಅಂದಾಜೂ ತಪ್ಪುತ್ತದೆ. ಎಷ್ಟು, ದಿನಕ್ಕೆ ಎಷ್ಟು ಸಲ, ಕೊನೆಯದಾಗಿ ಯಾವಾಗ ಅಂತ ಇದ್ದದ್ದು ಇದ್ದ ಹಾಗೆ ಹೇಳಿದರೆ ಆಯಿತು. ಕ್ವಾರ್ಟರ್, ನೈಂಟಿ ಲೆಕ್ಕದಲ್ಲೇ ಹೇಳಿ, ಗ್ರಾಂ ಲೆಕ್ಕ ಅವರು ಹಾಕಿಕೊಳ್ಳುತ್ತಾರೆ.